ಬಾಗಿಲಿನ ಹಿಂದೆ ಕೋಣೆಯೇ ಇರಲಿಲ್ಲ

ಜನರಿಂದ ದುಡ್ಡು ಎತ್ತಿ ಶುರುವಾದ ಗೇಮ್ ಅರ್ಧಕ್ಕೆ ನಿಂತರೆ ಎಲ್ಲರೂ ಮೊದಲು ಕೇಳುವುದು, "ದುಡ್ಡು ನುಂಗಿದರಾ?" ಅಂತ. ನಾನೂ ಹಾಗೇ ಕೇಳುತ್ತಿದ್ದೆ. ಅಂಥದೊಂದು ಗೇಮಿನ ರೆಪೊ, ಅಂದರೆ ಕೋಡು, ಚಿತ್ರ ಎಲ್ಲಾ ಇಟ್ಟಿರುವ ಫೈಲುಗಳ ಗಂಟು, ನಮ್ಮ ಕೈಗೆ ಬಂದು, ಅದರ ಒಂದೊಂದೇ ಫೋಲ್ಡರ್ ಬಿಚ್ಚಿ ನೋಡಿದ ಮೇಲೆ ಬೇರೆ ಪ್ರಶ್ನೆ ಕೇಳುವುದು ರೂಢಿಯಾಗಿದೆ: ದುಡ್ಡು ಕೇಳುವ ದಿನ ಆಡಲು ಏನಿತ್ತು?

ನಮ್ಮದು ಹುಬ್ಬಳ್ಳಿ ಗೋಕುಲ ರೋಡಿನ ಸಣ್ಣ ಆಫೀಸು. ಸ್ವಂತ ಗೇಮ್ ಮಾಡುವುದಿಲ್ಲ. ಹೊರದೇಶದ ಸ್ಟುಡಿಯೋಗಳ ಪೋರ್ಟಿಂಗ್ (ಒಂದು ಯಂತ್ರದ ಗೇಮನ್ನು ಇನ್ನೊಂದರಲ್ಲಿ ಓಡುವಂತೆ ಮಾಡುವುದು), ಯುಐ (ಪರದೆಯ ಮೇಲಿನ ಬಟನ್, ಮೆನು), ಬಗ್ ಫಿಕ್ಸಿಂಗ್ ಹಿಡಿದು ಮುಗಿಸಿ ಕೊಡುತ್ತೇವೆ. ಹೋದ ಮಳೆಗಾಲದಲ್ಲಿ ಒಬ್ಬ ಪಬ್ಲಿಷರ್ ಸಂಪರ್ಕಕ್ಕೆ ಬಂದ. ಕ್ರೌಡ್‌ಫಂಡಿಂಗ್‌ನಲ್ಲಿ, ಅಂದರೆ ಆನ್‌ಲೈನ್‌ನಲ್ಲಿ ಜನರಿಂದ ಮುಂಗಡವಾಗಿ, ಹಣ ಪಡೆದು, ಕೆಲವು ವರ್ಷ ಅಪ್‌ಡೇಟ್ ಹಾಕಿ, ಆಮೇಲೆ ಸುಮ್ಮನಾಗಿಬಿಟ್ಟ ಒಂದು ಅಡ್ವೆಂಚರ್ ಗೇಮಿನ ಹಕ್ಕನ್ನು ಅವನು ಕೊಂಡಿದ್ದ. ಮುಕ್ಕಾಲು ಭಾಗ ಆಗಿದೆ, ಉಳಿದದ್ದನ್ನು ಮುಗಿಸಿ ಕೊಡಿ, ಎಷ್ಟಾಗುತ್ತದೆ ಹೇಳಿ ಅಂತ ಅವನ ಮೇಲ್.

ಮ್ಯಾನೇಜರ್‌ಗೆ ಸಂಜೆಯೊಳಗೆ ಕ್ವೋಟ್ ಬೇಕಾಗಿತ್ತು. ಈ ಪದ್ಧತಿಯ ಮೇಲೆ ನನಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಕೋಡ್ ತೆರೆದು ನೋಡುವ ಕೆಲಸಕ್ಕೆ ಯಾವ ಕ್ಲೈಂಟೂ ದುಡ್ಡು ಕೊಡುವುದಿಲ್ಲ, ಅದಕ್ಕೇ ಕ್ವೋಟ್ ಕೊಡುವ ಮುಂಚೆ ಯಾರೂ ತೆರೆದು ನೋಡುವುದಿಲ್ಲ. ನಾನು ಟ್ರೈಲರ್ ನೋಡಿದೆ, ಆರ್ಟ್ ಫೋಲ್ಡರ್ ನೋಡಿದೆ. ಕೈಯಲ್ಲಿ ಬಿಡಿಸಿದ ಬ್ಯಾಕ್‌ಗ್ರೌಂಡುಗಳು ಸಾಲುಸಾಲಾಗಿದ್ದವು. ಪಾತ್ರಗಳ ಶೀಟುಗಳು, ಪೂರ್ತಿ ರೆಕಾರ್ಡ್ ಆದ ಸಂಗೀತ, ಸಾವಿರಾರು ಸಾಲಿನ ಸಂಭಾಷಣೆ ಎಲ್ಲಾ ಇತ್ತು. "ಪಾಲಿಶ್ ಕೆಲಸ ಐತ್ರಿ, ಜಾಸ್ತಿ ಇಲ್ಲ" ಅಂದೆ. ಬ್ಯಾಕರ್‌ಗಳು ಯಾವ ಕಣ್ಣಿನಿಂದ ನೋಡಿ ದುಡ್ಡು ಹಾಕಿದ್ದರೋ ನಾನೂ ಅದೇ ಕಣ್ಣಿನಿಂದ ನೋಡಿದ್ದೆ. ಚಿತ್ರ ಇಷ್ಟು ಚಂದ ಇದ್ದರೆ ಅದರ ಹಿಂದೆ ಗೇಮ್ ಇದ್ದೇ ಇರುತ್ತದೆ ಅನ್ನುವ ನಂಬಿಕೆ. ನನ್ನ ಮಾತಿನ ಮೇಲೆ ಮ್ಯಾನೇಜರ್ ಒಂದು ಅಂಕಿ ಹಾಕಿದರು, ಅಡ್ವಾನ್ಸೂ ಬಂತು.

ಪ್ರಾಜೆಕ್ಟ್ ತೆರೆದಾಗ ಗೇಮ್ ಕಟ್ಟುವ ಸಾಫ್ಟ್‌ವೇರ್ ಆದ ಎಂಜಿನ್ನಿನ ವರ್ಷನ್ ಹಳೆಯದು, ಅರ್ಧ ಪ್ಯಾಕೇಜುಗಳು ಸಿಗುತ್ತಿಲ್ಲ, ಕನ್ಸೋಲ್ ತುಂಬ ಕೆಂಪು ಎರರ್‌ಗಳು. ಅದು ಮಾಮೂಲು. ಅದನ್ನೆಲ್ಲ ಸರಿಮಾಡಿ ಟ್ರೈಲರ್ ಸೀನ್ ಲೋಡ್ ಮಾಡಿದೆ. ಹಳೆಯ ಕೋಟೆ, ಕಂದೀಲು ಹಿಡಿದ ಹುಡುಗಿ. ದೊಡ್ಡ ಬಾಗಿಲನ್ನು ದೂಡುತ್ತಾಳೆ, ಒಳಗಿಂದ ಹಳದಿ ಬೆಳಕು ಚೆಲ್ಲುತ್ತದೆ. ಟ್ರೈಲರಿನಲ್ಲಿ ಮೈ ಜುಮ್ಮೆನ್ನಿಸಿದ್ದ ಜಾಗ ಅದು. ಎಡಿಟರ್‌ನಲ್ಲಿ ಕ್ಯಾಮೆರಾ ತಿರುಗಿಸಿ ಬಾಗಿಲಿನ ಹಿಂದೆ ಹೋದೆ. ಒಂದು ಚಪ್ಪಟೆ ಪ್ಲೇನ್, ಅಂದರೆ ಬರೀ ಹಾಳೆಯಂಥದ್ದು, ಅದಕ್ಕೆ ಹಳದಿ ಬಣ್ಣ, ಮುಂದೆ ಒಂದು ಲೈಟ್. ಕೋಣೆ ಇರಲಿಲ್ಲ. ಹುಡುಗಿ ಬಾಗಿಲು ದೂಡುವುದೂ ಆಟಗಾರ ಬಟನ್ ಒತ್ತಿದ್ದಕ್ಕೆ ಆಗಿರಲಿಲ್ಲ. ಟೈಮ್‌ಲೈನಿನಲ್ಲಿ ಇಂಥ ಸೆಕೆಂಡಿಗೆ ತೆರೆ ಅಂತ ಕೀ ಹಾಕಿಟ್ಟಿದ್ದರು. ಇನ್ವೆಂಟರಿ ಸ್ಕ್ರಿಪ್ಟಿನಲ್ಲಿ ಫಂಕ್ಷನ್‌ಗಳ ಹೆಸರು ಇದ್ದವು, ಒಳಗೆ ಖಾಲಿ. ಸಂಭಾಷಣೆಯ ಸ್ಪ್ರೆಡ್‌ಶೀಟನ್ನು ಓದುವ ಕೋಡ್ ಎಲ್ಲೂ ಇರಲಿಲ್ಲ. ಎರಡನೇ ನಾಯಕಿ, ಆನ್‌ಲೈನ್ ಕೋ-ಆಪ್ (ಜೊತೆಯಾಗಿ ಆಡುವುದು) ಅಂತ ಸ್ಟ್ರೆಚ್ ಗೋಲ್‌ಗಳ, ಅಂದರೆ ಕೇಳಿದ್ದಕ್ಕಿಂತ ಹೆಚ್ಚು ದುಡ್ಡು ಬಂದರೆ ಸೇರಿಸುತ್ತೇವೆಂದು ಮಾತು ಕೊಟ್ಟವುಗಳ, ಹೆಸರಿನಲ್ಲಿ ಫೋಲ್ಡರ್‌ಗಳಿದ್ದವು, ಒಂದೊಂದರಲ್ಲೂ ಒಂದು ಟೆಕ್ಸ್ಟ್ ಫೈಲ್.

ಯಾರು ಯಾವಾಗ ಏನು ಬದಲಿಸಿದರು ಅಂತ ದಾಖಲಾಗುವ ಕಮಿಟ್ ಲಾಗ್ ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಶುರುವಿನಲ್ಲಿ ನಾಲ್ಕೈದು ಜನರ ಹೆಸರು, ದಿನವೂ ಕೆಲಸ. ಆಮೇಲೆ ಹೆಸರುಗಳು ಒಂದೊಂದೇ ಕಡಿಮೆಯಾಗುತ್ತವೆ. ಕೊನೆಗೆ ಒಬ್ಬನೇ, ಅದೂ ರಾತ್ರಿ ಎರಡು-ಮೂರು ಗಂಟೆಯ ಹೊತ್ತಿನಲ್ಲಿ. ಅವನ ಕಮಿಟ್ ಮೆಸೇಜುಗಳಲ್ಲಿ ಪದೇಪದೇ ಒಂದೇ ಮಾತು: ಅಪ್‌ಡೇಟ್ ವಿಡಿಯೋಕ್ಕಾಗಿ ಫಿಕ್ಸ್. ಅಂದರೆ ತಿಂಗಳು ತಿಂಗಳು ಬ್ಯಾಕರ್‌ಗಳಿಗೆ ತೋರಿಸುವ ವಿಡಿಯೋ ಚಂದ ಕಾಣಲಿ ಅಂತಲೇ ಕೆಲಸ ನಡೆದಿತ್ತು. ಆಡುವ ಗೇಮ್ ಆ ವಿಡಿಯೋಗಳ ನಡುವೆ ಎಲ್ಲೋ ಉಳಿದುಹೋಗಿತ್ತು. ಹಕ್ಕಿನ ಜೊತೆ ಬಂದಿದ್ದ ದಾಖಲೆಗಳಲ್ಲಿ ಖರ್ಚಿನ ಶೀಟೂ ಇತ್ತು. ಕೊನೆಯ ವರ್ಷದ ಕಾಲಮ್ಮಿನಲ್ಲಿ ಆ ಮನುಷ್ಯ ತನ್ನ ಪಗಾರದ ಮುಂದೆ ಸೊನ್ನೆ ಹಾಕಿಕೊಂಡಿದ್ದ. ನುಂಗಿದವನು ಹಾಗೆ ಬರೆದಿಟ್ಟುಕೊಳ್ಳುವುದಿಲ್ಲ.

ನುಂಗಿದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಕಿಕ್‌ಸ್ಟಾರ್ಟರ್ ಎಂಬ ಕ್ರೌಡ್‌ಫಂಡಿಂಗ್ ತಾಣದಲ್ಲಿ 1,22,000 ಡಾಲರಿಗೂ ಹೆಚ್ಚು ಎತ್ತಿದ ಒಂದು ಬೋರ್ಡ್ ಗೇಮ್ ಪ್ರಕರಣದಲ್ಲಿ, ಹಣದ ಬಹುಪಾಲು ಮನೆ ಬಾಡಿಗೆಯಂಥ ಸ್ವಂತ ಖರ್ಚಿಗೆ ಹೋಗಿದೆ ಅಂತ 2015ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಂಡಿತು. ಕ್ರೌಡ್‌ಫಂಡಿಂಗ್ ವಿಷಯದಲ್ಲಿ ಅದು ಹಿಡಿದ ಮೊದಲ ಕೇಸ್ ಅದೇ. ಆದರೆ ಹೆಸರಾದ ವಿಡಿಯೋ ಗೇಮ್ ಪ್ರಕರಣಗಳನ್ನು ಕುಳಿತು ಓದಿದರೆ ಬೇರೆ ಕತೆಗಳೇ ಹೆಚ್ಚು. ಕಾದಂಬರಿಕಾರ ನೀಲ್ ಸ್ಟೀಫನ್ಸನ್ ಮುಂದಾಳತ್ವದ ಕತ್ತಿವರಸೆಯ ಗೇಮ್ 'ಕ್ಲ್ಯಾಂಗ್' 2012ರಲ್ಲಿ 5 ಲಕ್ಷ ಡಾಲರ್ ಮೀರಿ ಎತ್ತಿತು, 2014ರಲ್ಲಿ ನಿಂತಿತು. ಪ್ರೊಟೋಟೈಪ್ (ಮೊದಲ ಮಾದರಿ) ತಾಂತ್ರಿಕವಾಗಿ ಹೊಸದಾಗಿತ್ತು, ಆಡಲು ಮಜಾ ಇರಲಿಲ್ಲ ಅಂತ ಅವರೇ ಬರೆದರು. ಆಡಲು ಮಜಾ ಇದೆಯೋ ಇಲ್ಲವೋ ಅನ್ನುವುದು ದುಡ್ಡು ಕೇಳುವ ಮುಂಚೆ ತಿಳಿಯಬೇಕಾದ ಸಂಗತಿ.

'ಯೋಗ್‌ವೆಂಚರ್ಸ್' ಎಂಬ ಗೇಮಿನ ಕತೆಯನ್ನಂತೂ ನಮ್ಮ ಅಕೌಂಟ್ಸ್ ಅಕ್ಕನಿಗೆ ಕೂಡಿಸಿಕೊಂಡು ಹೇಳಿದ್ದೇನೆ. 2012ರಲ್ಲಿ 5,67,000 ಡಾಲರಿಗೂ ಹೆಚ್ಚು ಬಂದಿತ್ತು. ಡೆವಲಪರ್ ಆಮೇಲೆ ಬಹಿರಂಗವಾಗಿ ಬರೆದ ಪ್ರಕಾರ, ಕಲಾವಿದರಿಗೆ ತಲಾ 35,000 ಡಾಲರ್ ಇಡಿಯಾಗಿ ಕೊಡುವ ಕರಾರು; ಒಬ್ಬ ಮುಖ್ಯ ಕಲಾವಿದ ಕೆಲವೇ ವಾರದಲ್ಲಿ ದೊಡ್ಡ ಕಂಪನಿಯ ನೌಕರಿ ಸಿಕ್ಕಿ ಹೊರಟುಹೋದ. ಹಣ ವಾಪಸ್ ಕೇಳಲು ಕರಾರಿನಲ್ಲಿ ದಾರಿಯೇ ಇರಲಿಲ್ಲ. 2014ರ ಜುಲೈನಲ್ಲಿ ಗೇಮ್ ರದ್ದಾಯಿತು. ಅಕೌಂಟ್ಸ್ ಅಕ್ಕ ಒಂದೇ ಮಾತು ಕೇಳಿದಳು: "ಮೈಲ್‌ಸ್ಟೋನ್ ಇಲ್ದ ರೊಕ್ಕ ಹೆಂಗ ಬಿಟ್ರೋ ತಮ್ಮಾ?" ಮನೆ ಕಟ್ಟಿಸುವಾಗ ಗೌಂಡಿಗೆ ಸ್ಲ್ಯಾಬ್ ಬಿದ್ದ ಮೇಲೆ ಮುಂದಿನ ಕಂತು ಕೊಡುವ ನಮ್ಮ ಮಂದಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

ಲೆಕ್ಕವೂ ಹೊರಗಿನವರಿಗೆ ಕಾಣುವ ಹಾಗೆ ಇರುವುದಿಲ್ಲ. ಕಿಕ್‌ಸ್ಟಾರ್ಟರ್ ಶೇ. 5 ಹಿಡಿಯುತ್ತದೆ, ಪಾವತಿ ಶುಲ್ಕ ಇನ್ನೂ ಶೇ. 3ರಿಂದ 5. ಅದರ ಮೇಲೆ ಟೀ ಶರ್ಟ್, ಆರ್ಟ್ ಬುಕ್, ದೇಶದೇಶಕ್ಕೆ ಕಳಿಸುವ ಅಂಚೆ ಖರ್ಚು, ತೆರಿಗೆ. ಉಳಿದದ್ದು ಪಗಾರಕ್ಕೆ. ಪುಟದ ಮೇಲೆ ಕಾಣುವ ದೊಡ್ಡ ಅಂಕಿ ನೋಡಿ ಜನ ದೊಡ್ಡ ಗೇಮ್ ನಿರೀಕ್ಷಿಸುತ್ತಾರೆ, ಮಾಡುವವರೂ ಅದೇ ಅಂಕಿ ನೋಡಿ ದೊಡ್ಡದನ್ನೇ ಬರೆದುಕೊಳ್ಳುತ್ತಾರೆ. ಡಬಲ್ ಫೈನ್ ಎಂಬ ಪಳಗಿದ ಸ್ಟುಡಿಯೋಗೂ ಇದು ತಪ್ಪಲಿಲ್ಲ. 2012ರಲ್ಲಿ ಕೇಳಿದ್ದು 4 ಲಕ್ಷ ಡಾಲರ್, ಬಂದದ್ದು 87,000ಕ್ಕೂ ಹೆಚ್ಚು ಜನರಿಂದ 33 ಲಕ್ಷ. ಆದರೂ ಸಾಲಲಿಲ್ಲ. ಅವರು ಅದನ್ನು ನಡುವೆಯೇ ಬ್ಯಾಕರ್‌ಗಳಿಗೆ ಹೇಳಿ, ಗೇಮನ್ನು ಎರಡು ಭಾಗ ಮಾಡಿ, ಮೊದಲನೆಯದನ್ನು 2014ರ ಜನವರಿಯಲ್ಲೂ ಎರಡನೆಯದನ್ನು 2015ರ ಏಪ್ರಿಲ್‌ನಲ್ಲೂ ಕೊಟ್ಟರು. ಬೈಗುಳ ತಿಂದರು. ಗೇಮ್ ಬಂತು.

ಈಗ ಆ ರಾತ್ರಿಯ ಕಾಲ್‌ಗೆ ಬರುತ್ತೇನೆ. ಹೊರಗೆ ಮಳೆ ಜೋರು, ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿತ್ತು. ಮೀಟಿಂಗ್ ರೂಮಿನಲ್ಲಿ ಮ್ಯಾನೇಜರ್, ನಮ್ಮ ಸೀನಿಯರ್ ಅಕ್ಕ, ನಾನು. ಪಬ್ಲಿಷರ್ ಖುಷಿಯಲ್ಲಿದ್ದ. ದೀಪಾವಳಿ ಹೊತ್ತಿಗೆ ಆಡಿ ಪರೀಕ್ಷಿಸುವ ಬೀಟಾ ಆವೃತ್ತಿ ಕೊಡುತ್ತೀರಲ್ಲ, ಹಾಗಂತ ನಾಳೆ ಬ್ಯಾಕರ್‌ಗಳಿಗೆ ಅನೌನ್ಸ್ ಮಾಡಿಬಿಡಲೇ ಅಂತ ಕೇಳಿದ. ನನ್ನ ಲ್ಯಾಪ್‌ಟಾಪಿನಲ್ಲಿ ಮ್ಯಾನೇಜರ್ ಮೆಸೇಜ್ ಬಂತು: "ಹೂಂ ಅನ್ರಿ. ಆಮ್ಯಾಲ ನೋಡೂಣು."

ನಾನು ಕೂಡಲೇ ಉತ್ತರ ಕೊಡಲಿಲ್ಲ. ಮ್ಯೂಟ್‌ನಲ್ಲಿದ್ದೆ, ಕೈ ಟ್ರ್ಯಾಕ್‌ಪ್ಯಾಡಿನ ಮೇಲಿತ್ತು. ಹೂಂ ಅಂದರೆ ಆಗುವುದೇನು ಅನ್ನುವುದು ಆ ಕಮಿಟ್ ಲಾಗಿನಲ್ಲಿ ಓದಿ ಮುಗಿಸಿದ್ದೆ. ನಾಳೆ ಅನೌನ್ಸ್‌ಮೆಂಟ್, ಮುಂದಿನ ತಿಂಗಳು ವಿಡಿಯೋ, ಆ ವಿಡಿಯೋಕ್ಕೆ ಮತ್ತೆ ಒಂದು ಬಾಗಿಲು, ಅದರ ಹಿಂದೆ ಮತ್ತೆ ಹಳದಿ ಪ್ಲೇನ್. ಈ ಸಲ ಕಮಿಟ್‌ಗಳಲ್ಲಿ ನನ್ನ ಹೆಸರಿರುತ್ತದೆ. ಅಲ್ಲ ಅಂದರೆ? ಪಾಲಿಶ್ ಕೆಲಸ ಅಂತ ಹೇಳಿದವನೇ ನಾನು, ಅಡ್ವಾನ್ಸ್ ಆ ತಿಂಗಳ ಪಗಾರಕ್ಕೆ ಹೋಗಿಯಾಗಿದೆ, ಮಗ್ಗುಲಲ್ಲಿ ಕೂತ ಮ್ಯಾನೇಜರ್‌ಗೆ ಆಫೀಸಿನ ಬಾಡಿಗೆಯ ಚಿಂತೆ. ಪಬ್ಲಿಷರ್ "ಕೇಳಿಸುತ್ತಿದೆಯಾ?" ಅಂದ. ಸೀನಿಯರ್ ಅಕ್ಕ ನನ್ನ ಕಡೆ ನೋಡಿ, "ತೋರ್ಸಿ ಬಿಡೋ" ಅಂದಳು, ಅಷ್ಟೇ.

ಸ್ಕ್ರೀನ್ ಶೇರ್ ಮಾಡಿ ಕ್ಯಾಮೆರಾವನ್ನು ಬಾಗಿಲಿನ ಹಿಂದೆ ತಿರುಗಿಸಿದೆ. ಯಾರೂ ಮಾತಾಡಲಿಲ್ಲ. ಆ ಕೋಣೆ ರೆಪೊದ ಬೇರೆ ಬ್ರ್ಯಾಂಚಿನಲ್ಲಿ (ಪ್ರತ್ಯೇಕವಾಗಿಟ್ಟ ಪ್ರತಿಯಲ್ಲಿ) ಇರಬಹುದಲ್ಲವೇ ಅಂತ ಪಬ್ಲಿಷರ್ ಕೇಳಿದ. ಎಲ್ಲಾ ಬ್ರ್ಯಾಂಚ್ ಹುಡುಕಿದ್ದೇವೆ, ಇಲ್ಲ ಅಂತ ಅಕ್ಕ ಹೇಳಿದಳು. ಆಟಗಾರನಿಗೆ ಈಗ ಮಾಡಲು ಆಗುವುದು ಅಂಗಳದಲ್ಲಿ ನಡೆಯುವುದು, ಎರಡು ಪಾತ್ರಗಳ ಮುಂದೆ ನಿಲ್ಲುವುದು, ಅಷ್ಟೇ, ನಾನು ಕೊಟ್ಟ ಅಂದಾಜು ಚಿತ್ರ ನೋಡಿ ಕೊಟ್ಟದ್ದು ಅಂತ ನಾನು ಹೇಳಿದೆ. ಅವನು ಬೈಯಲಿಲ್ಲ, ಬಹಳ ಹೊತ್ತಿನ ಮೇಲೆ ಇದನ್ನೆಲ್ಲ ಬರೆದು ಕಳಿಸಿ ಅಂದ. ಕಾಲ್ ಕಟ್ ಆದ ಮೇಲೆ ಮ್ಯಾನೇಜರ್ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: "ಕ್ಲೈಂಟ್ ಹೋದ್ರ ಈ ಹುಡುಗೂರ ಪಗಾರ ಯಾರ ಕೊಡ್ತಾರ್ರಿ?" ಅದು ನ್ಯಾಯವಾದ ಪ್ರಶ್ನೆ. ಅರ್ಧಕ್ಕೆ ನಿಂತ ಪ್ರತಿ ಗೇಮಿನೊಳಗೂ ಯಾರೋ ಒಬ್ಬರು ಇದೇ ಪ್ರಶ್ನೆ ಕೇಳಿರುತ್ತಾರೆ, ಅದಕ್ಕೆ ಹೆದರಿಯೇ ಉಳಿದವರು ಹೂಂ ಅಂದಿರುತ್ತಾರೆ.

ವರದಿ ಬರೆದೆವು. ಏನಿದೆ, ಏನಿಲ್ಲ, ಮುಗಿಸಬೇಕೆಂದರೆ ಎಷ್ಟು ಜನ ಎಷ್ಟು ಕಾಲ ಬೇಕು, ಸ್ಟ್ರೆಚ್ ಗೋಲ್‌ಗಳನ್ನು ಕೈಬಿಟ್ಟರೆ ಎಷ್ಟು. ಅಡ್ವಾನ್ಸಿನಲ್ಲಿ ವರದಿಯ ಖರ್ಚು ಹಿಡಿದುಕೊಂಡು ಉಳಿದದ್ದನ್ನು ತಿರುಗಿಸಬೇಕೆಂದು ನಾನು ಹಟ ಹಿಡಿದೆ, ಮ್ಯಾನೇಜರ್ ಕಂತಿನಲ್ಲಿ ಕೊಟ್ಟರು. ಪಬ್ಲಿಷರ್ ಲೆಕ್ಕ ಹಾಕಿ ಗೇಮ್ ಮುಂದುವರಿಸುವುದಿಲ್ಲ ಅಂತ ತೀರ್ಮಾನಿಸಿದ. ಬ್ಯಾಕರ್‌ಗಳಿಗೆ ವರದಿಯ ಸಾರವನ್ನೂ ಬಾಗಿಲಿನ ಹಿಂದಿನ ಚಿತ್ರವನ್ನೂ ಕಳಿಸಿ, ಇದ್ದ ಚಿತ್ರ, ಸಂಗೀತ ಎಲ್ಲವನ್ನೂ ಉಚಿತವಾಗಿ ಬಿಟ್ಟುಕೊಟ್ಟ. ದುಡ್ಡು ಮಾತ್ರ ಅವರಿಗೆ ತಿರುಗಿ ಸಿಗಲಿಲ್ಲ, ಮೂಲ ಕಂಪನಿಯೇ ಮುಚ್ಚಿಹೋಗಿತ್ತು. 2014ರಲ್ಲಿ ಬದಲಾದ ಕಿಕ್‌ಸ್ಟಾರ್ಟರ್ ನಿಯಮದ ಪ್ರಕಾರ ಮುಗಿಸಲಾಗದವರು ಹಣ ಹೇಗೆ ಖರ್ಚಾಯಿತು ಅಂತ ವಿವರಿಸಬೇಕು, ಉಳಿದದ್ದನ್ನು ಹಿಂತಿರುಗಿಸಬೇಕು. ಏನೂ ಉಳಿಯದ ಕಡೆ ಆ ನಿಯಮದಿಂದ ಕಿಸೆಗೆ ಬರುವುದೇನೂ ಇಲ್ಲ, ವೇದಿಕೆ ತನ್ನ ಕೈಯಿಂದ ಕೊಡುವುದೂ ಇಲ್ಲ. ವಿವರಣೆಯಾದರೂ ಸಿಗಬೇಕಲ್ಲ. ವರ್ಷಗಟ್ಟಲೆ ಕಾದವರಿಗೆ ಅದೂ ಸಿಗದೆ ಇರುವುದು ನನ್ನ ಮಟ್ಟಿಗೆ ದುಡ್ಡು ಹೋದದ್ದಕ್ಕಿಂತ ಕೆಟ್ಟದ್ದು.

ಇದನ್ನೆಲ್ಲ ಬರೆಯಲು ಕಾರಣ ನಮ್ಮ ಆಫೀಸಿನ ಗದಗಿನ ಹುಡುಗಿ. ಬಯಲಾಟದ ವೇಷಗಳನ್ನು ಇಟ್ಟುಕೊಂಡು ತನ್ನದೇ ಗೇಮ್ ಮಾಡುತ್ತಿದ್ದಾಳೆ, ಜನರಿಂದ ದುಡ್ಡು ಎತ್ತಬೇಕೆಂಬ ಆಸೆ. ಚಿತ್ರಗಳು ನಿಜಕ್ಕೂ ಅದ್ಭುತ. ಅದಕ್ಕೇ ನನಗೆ ಭಯ. ಭಾರತದ ವಿಳಾಸ, ಭಾರತದ ಬ್ಯಾಂಕ್ ಖಾತೆ ಇಟ್ಟುಕೊಂಡು ಕಿಕ್‌ಸ್ಟಾರ್ಟರ್‌ನಲ್ಲಿ ಯೋಜನೆ ಹಾಕಲು ಬರುವುದಿಲ್ಲ ಅಂತ ಗೊತ್ತಾದಾಗ ಮುಖ ಸಣ್ಣ ಮಾಡಿಕೊಂಡಳು. ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ' ಗೇಮಿನ ಕತೆ ಹೇಳಿದೆ. 2017ರಲ್ಲಿ ಅವರ ಕಿಕ್‌ಸ್ಟಾರ್ಟರ್ ಗುರಿ ಮುಟ್ಟಲಿಲ್ಲ, ಗುರಿ ಮುಟ್ಟದಿದ್ದರೆ ಅಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ. ಆದರೂ 2020ರಲ್ಲಿ ಗೇಮ್ ಬಂತು. 'ಅಂಡರ್‌ಟೇಲ್' ಕತೆಯನ್ನೂ ಹೇಳಿದೆ. 2013ರಲ್ಲಿ ಕೇಳಿದ್ದು ಬರೀ 5,000 ಡಾಲರ್, ಬಂದದ್ದು 51,000ಕ್ಕೂ ಹೆಚ್ಚು. ದುಡ್ಡು ಕೇಳುವ ಮುಂಚೆಯೇ ಯಾರು ಬೇಕಾದರೂ ಆಡಬಹುದಾದ ಡೆಮೊ ಹೊರಗಿತ್ತು, 2015ರಲ್ಲಿ ಗೇಮ್ ಕೈಗೆ ಬಂತು. ಸ್ಟ್ರೆಚ್ ಗೋಲ್ ವಿಷಯಕ್ಕೆ 'ಹಾಲೋ ನೈಟ್' ಉದಾಹರಣೆ ಕೊಟ್ಟೆ. 2014ರಲ್ಲಿ ಮಾತು ಕೊಟ್ಟ ಎರಡನೇ ಪಾತ್ರ ಬೆಳೆದು ಬೆಳೆದು ಬೇರೆ ಗೇಮೇ ಆಗಿ ಹೊರಬಂದದ್ದು 2025ರ ಸೆಪ್ಟೆಂಬರ್‌ನಲ್ಲಿ. ಮೊದಲ ಗೇಮ್ ಚೆನ್ನಾಗಿ ಮಾರಾಟವಾಗಿದ್ದರಿಂದ ಆ ತಂಡಕ್ಕೆ ಅಷ್ಟು ಕಾಲ ತಡೆದುಕೊಳ್ಳಲು ಆಯಿತು. ನಮ್ಮಂಥವರಿಗೆ ಆಗುವುದಿಲ್ಲ.

ಒಂದು ಹಂತ, ಶುರುವಿನಿಂದ ಕೊನೆವರೆಗೆ, ನಿನ್ನ ಮುಖ ಪರಿಚಯ ಇಲ್ಲದವರು ಬಂದು ಆಡಿ ಮುಗಿಸಲಿ, ಅಲ್ಲಿಯವರೆಗೆ ಪುಟ ಬರೆಯಬೇಡ ಅಂದಿದ್ದೇನೆ. "ಅಣ್ಣಾ, ಅಷ್ಟು ಮಾಡೂದ್ರಾಗ ವರ್ಷ ಆಗ್ತದ" ಅಂದಳು. ಆಗಲಿ ಅಂದೆ. ಈಗ ಶನಿವಾರ ಸಂಜೆ ಲ್ಯಾಪ್‌ಟಾಪ್ ಹಿಡಿದು ಕಾಲೇಜು ಹುಡುಗರಿಗೆ ಆಡಲು ಕೊಡುತ್ತಾಳೆ, ಹಿಂದೆ ನಿಂತು ಅವರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಹೋದ ವಾರ ಎರಡನೇ ಒಗಟಿನಲ್ಲಿ ಎಲ್ಲರೂ ಸಿಕ್ಕಿಕೊಂಡರಂತೆ, ಅದನ್ನು ಕಿತ್ತು ಹಾಕಿದ್ದಾಳೆ. ಮ್ಯಾನೇಜರ್ ಮಾತ್ರ ಇನ್ನೂ ಸಂಜೆಯೊಳಗೆ ಕ್ವೋಟ್ ಕೇಳುತ್ತಾರೆ. ರೆಪೊ ತೆರೆಯದೆ ನಾನು ಅಂಕಿ ಹೇಳುವುದಿಲ್ಲ, ಅದಕ್ಕೆ ಪ್ರತಿ ಸಲವೂ ಜಗಳ ಆಗುತ್ತದೆ.