ಡೊಳ್ಳು ಬೇಡ ಎಂದ ಸದಸ್ಯ

ಹುಬ್ಬಳ್ಳಿಯ ಒಂದು ಸಣ್ಣ ಸಂಸ್ಥೆಯಲ್ಲಿ ಆಟಿಸಂ ತರಬೇತಿಗಳನ್ನು ನಡೆಸುವುದು ನನ್ನ ಕೆಲಸ. ಆಟಿಸಂ ಎಂದರೆ ಮಾತು, ಬೆರೆಯುವ ರೀತಿ, ಸದ್ದು-ಬೆಳಕಿನ ಅನುಭವ ಭಿನ್ನವಾಗಿರುವ, ಹುಟ್ಟಿನಿಂದಲೇ ಬರುವ ಬೆಳವಣಿಗೆಯ ಸ್ಥಿತಿ. ಧಾರವಾಡ, ಕುಂದಗೋಳ, ಕಲಘಟಗಿ ಕಡೆಯ ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರು, ಪಾಲಕರು ಬರುತ್ತಾರೆ. ಈ ಕೆಲಸಕ್ಕೊಂದು ಸಲಹಾ ಸಮಿತಿಯೂ ಇದೆ. ಮೊದಲ ಎರಡು ವರ್ಷ ಆ ಸಮಿತಿಯ ಸಾಧನೆಯೆಂದರೆ ಚಹಾ ಕುಡಿದು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದ್ದು. ತಪ್ಪು ಅವರದಲ್ಲ. ಎಲ್ಲವನ್ನೂ ತೀರ್ಮಾನಿಸಿ, ಕರಪತ್ರವನ್ನೂ ಅಚ್ಚು ಹಾಕಿಸಿ, ಆಮೇಲೆ ಅವರನ್ನು ಸಲಹೆಗೆ ಕರೆಯುತ್ತಿದ್ದವನು ನಾನೇ.

ಒಂಬತ್ತು ಸದಸ್ಯರು: ವೈದ್ಯರು, ಪ್ರಾಧ್ಯಾಪಕರು, ನಿವೃತ್ತ ಅಧಿಕಾರಿ, ದಾನಿಗಳು. ಒಮ್ಮೆ ಹದಿನೆಂಟು ತುಂಬಿದ ಹುಡುಗನೊಬ್ಬನ ಪಾಲಕತ್ವದ (ಕಾನೂನುಬದ್ಧ ಪೋಷಕರ ನೇಮಕದ) ಅರ್ಜಿಗಾಗಿ, ಆಟಿಸಂ ಮುಂತಾದ ವೈಕಲ್ಯ ಇರುವವರಿಗಾಗಿ ಮಾಡಿದ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯನ್ನು ಓದಬೇಕಾಯಿತು. ಇಂಥ ಅರ್ಜಿಗಳನ್ನು ತೀರ್ಮಾನಿಸುವ ಸ್ಥಳೀಯ ಸಮಿತಿಯಲ್ಲಿ ಮೂವರು ಇರಲೇಬೇಕು: ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ. ಮೂರೇ ಕುರ್ಚಿಗಳಲ್ಲಿ ಒಂದನ್ನು ಕಾನೂನು ಅವರಿಗೆ ಇಟ್ಟಿದೆ. ನಮ್ಮ ಒಂಬತ್ತರಲ್ಲಿ ಅವರಿಗೆ ಒಂದೂ ಇರಲಿಲ್ಲ. ಓದಿ ಮುಗಿಸಿದಾಗ ನನಗೆ ನಾಚಿಕೆಯಾಯಿತು.

ಮುಂದಿನ ಸಭೆಗೆ ಮೂವರು ತಾಯಂದಿರು ಮತ್ತು ಆಟಿಸಂ ಇರುವ ಒಬ್ಬ ಯುವಕ ಬಂದರು. ಆತ ಮಾತನಾಡುವುದು ಅಪರೂಪ. ಮೊಬೈಲ್‌ನಲ್ಲಿ ಟೈಪ್ ಮಾಡಿ ತೋರಿಸುತ್ತಾನೆ. ಅವನ ಮೊದಲ ಸಲಹೆ ತರಬೇತಿಯ ಬಗ್ಗೆ ಇರಲೇ ಇಲ್ಲ: "ಆ ಟ್ಯೂಬ್‌ಲೈಟ್ ಆರಿಸಿ. ಸಭೆಯ ವಿಷಯಗಳನ್ನು ಒಂದು ವಾರ ಮೊದಲೇ ಕಳುಹಿಸಿ." ಮಿನುಗುತ್ತಿದ್ದ ಟ್ಯೂಬ್ ಬದಲಾಯಿಸಿದೆವು. ಸಭೆ ಮುಗಿಸಿ ಎದ್ದಾಗಲೆಲ್ಲ ತಲೆನೋವು ಎನ್ನುತ್ತಿದ್ದ ನಿವೃತ್ತ ಅಧಿಕಾರಿ ಈಗ ಹಾಗೆನ್ನುವುದಿಲ್ಲ.

ಆ ದಿನ ನಾನು ಆಟಿಸಂನ ಲಕ್ಷಣಗಳನ್ನು ಗುರುತಿಸಲು ಕಲಿಸುವ ತರಬೇತಿಯ ಚಿತ್ರಗಳನ್ನು ತೋರಿಸಿದೆ. ಒಂದರಲ್ಲಿ ಹೊಂಬಣ್ಣದ ಕೂದಲಿನ ಮಗು ಆಟದ ಕಾರುಗಳನ್ನು ಸಾಲಾಗಿ ಜೋಡಿಸುತ್ತಿತ್ತು. ಕುಂದಗೋಳ ಕಡೆಯ ತಾಯಿ ಕೇಳಿದರು: "ಸರ್, ನಮ್ಮ ಮನೆಗೆ ಅಷ್ಟು ಕಾರುಗಳು ಎಲ್ಲಿಂದ ಬರಬೇಕು? ನನ್ನ ಮಗ ಚಪ್ಪಲಿ ಜೋಡಿಸುತ್ತಾನೆ. ಮದುವೆ ಮನೆಗೆ ಹೋದರೆ ಹೊಸ್ತಿಲ ಹೊರಗಿರುವ ಅಷ್ಟೂ ಚಪ್ಪಲಿಗಳನ್ನು." ಚಿತ್ರ ಬದಲಾಯಿತು. ಪಕ್ಕದಲ್ಲಿದ್ದ ಮಕ್ಕಳ ವೈದ್ಯರು ಅದರ ಕೆಳಗೆ ಒಂದು ಎಚ್ಚರಿಕೆಯನ್ನು ಸೇರಿಸಿದರು: ಜೋಡಿಸುವುದೊಂದನ್ನೇ ನೋಡಬೇಡಿ, ಹೆಸರು ಕರೆದರೆ ಮಗು ತಿರುಗುತ್ತದೆಯೇ, ಬೇಕಾದದ್ದನ್ನು ಬೆರಳಿನಿಂದ ತೋರಿಸುತ್ತದೆಯೇ ಎಂಬುದನ್ನೂ ನೋಡಿ. ತಾಯಿಯ ಮಾತಿಲ್ಲದೆ ವೈದ್ಯರ ಸಾಲು ಯಾರ ತಲೆಗೂ ಹೋಗುತ್ತಿರಲಿಲ್ಲ. ವೈದ್ಯರ ಸಾಲಿಲ್ಲದೆ ಊರಿನ ಅಚ್ಚುಕಟ್ಟಿನ ಮಕ್ಕಳೆಲ್ಲ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯಾದ ಡಿಮ್ಹಾನ್ಸ್‌ನ ಸರದಿಯಲ್ಲಿ ನಿಲ್ಲುತ್ತಿದ್ದರು. ಮುಂದಿನ ತರಬೇತಿಯಲ್ಲಿ ಈ ಚಿತ್ರ ಬಂದಾಗ ಹಿಂದಿನ ಸಾಲಿನ ಅಕ್ಕೋರೊಬ್ಬರು ಪೆನ್ನು ಕೆಳಗಿಟ್ಟು, "ನಮ್ಮಲ್ಲೊಬ್ಬ ಇದ್ದಾನೆ, ಕರೆದರೂ ತಿರುಗುವುದಿಲ್ಲ. ಕಿವಿ ಮಂದ ಎಂದುಕೊಂಡಿದ್ದೆ" ಎಂದರು.

ಪಾಲಕರು ಹೇಳಿದ್ದೆಲ್ಲ ಸರಿ ಎಂದೇನಲ್ಲ. ಒಂದು ಪಥ್ಯದಿಂದ ಆಟಿಸಂ ಗುಣವಾಗುತ್ತದೆ, ಅದರ ಬಗ್ಗೆಯೂ ಒಂದು ಅವಧಿ ಇರಲಿ ಎಂದು ಇನ್ನೊಬ್ಬ ತಾಯಿ ಪಟ್ಟು ಹಿಡಿದರು. ಗುಣಪಡಿಸಲು ಇದು ಕಾಯಿಲೆಯಲ್ಲ, ಆ ಮಾತಿಗೆ ಆಧಾರವೂ ಇಲ್ಲ ಎಂದು ವೈದ್ಯರು ಒಪ್ಪಲಿಲ್ಲ. ನಡಾವಳಿಯಲ್ಲಿ ಪ್ರತಿ ಸಲಹೆಯ ಮುಂದೆ ಒಪ್ಪಿದೆ ಅಥವಾ ಒಪ್ಪಿಲ್ಲ, ಏಕೆ, ಯಾರು, ಯಾವಾಗಿನೊಳಗೆ ಎಂದು ಬರೆಯುವ ಪದ್ಧತಿ ಶುರುವಾಗಿದ್ದು ಆ ಜಗಳದಿಂದ. ಆಕೆ ಒಂದು ಸಭೆಗೆ ಬರಲಿಲ್ಲ. ಮುಂದಿನದಕ್ಕೆ ಬಂದರು, ಕಾರಣವನ್ನು ಬರೆದುಕೊಟ್ಟಿದ್ದರಿಂದ ಬಂದೆ ಎಂದರು.

ಇನ್ನು ಏಪ್ರಿಲ್ 2. ವಿಶ್ವ ಆಟಿಸಂ ಜಾಗೃತಿ ದಿನಕ್ಕೆ ದುರ್ಗದ ಬೈಲಿನಿಂದ ಜಾಥಾ ಹೊರಡಿಸುವುದು ನನ್ನ ಯೋಜನೆ: ನೀಲಿ ಟೀ ಶರ್ಟ್, ಧ್ವನಿವರ್ಧಕ, ಮುಂದೆ ಡೊಳ್ಳು ಕುಣಿತ. ಡೊಳ್ಳಿನ ತಂಡಕ್ಕೆ ಮುಂಗಡವನ್ನೂ ಕೊಟ್ಟಾಗಿತ್ತು. ಯುವಕ ಮೊಬೈಲನ್ನು ಮೇಜಿನ ಮೇಲೆ ನನ್ನತ್ತ ತಳ್ಳಿದ. ಎರಡೇ ಸಾಲು: "ಡೊಳ್ಳು ಬೇಡ. ಇದು ನಮ್ಮ ದಿನವಾದರೆ ನಾವು ಬರಲು ಆಗಬೇಕಲ್ಲ." ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಕ್ಕಳ ಬಗ್ಗೆ ಐದು ವರ್ಷ ಪಾಠ ಮಾಡಿದವನು ನಾನು. ಮುಂಗಡ ವಾಪಸು ಬರಲಿಲ್ಲ; ಅದನ್ನು ನನ್ನ ಕಲಿಕೆಯ ಶುಲ್ಕ ಎಂದುಕೊಂಡೆ.

ಹಾಗಾದರೆ ಜಾಥಾಕ್ಕೆಂದು ಇಟ್ಟ ಉಳಿದ ದುಡ್ಡಿನಲ್ಲಿ ಏನು ಮಾಡೋಣ ಎಂದು ಕೇಳಿದಾಗ ಮೂವರು ತಾಯಂದಿರದೂ ಒಂದೇ ಉತ್ತರ: ಕ್ಷೌರ. ಮೂರು ಜನ ಹಿಡಿದುಕೊಂಡು ಕೂದಲು ಕತ್ತರಿಸುವ ಪಾಡು ಅವರಿಗೇ ಗೊತ್ತು. ನನ್ನ ಯಾವ ಪಟ್ಟಿಯಲ್ಲೂ ಆ ಪದ ಇರಲಿಲ್ಲ. ವಿದ್ಯಾನಗರದ ಕಡೆಯ ಒಬ್ಬ ಅಂಗಡಿಯವರು ಒಪ್ಪಿದರು. ಮಂಗಳವಾರ ಅವರಿಗೆ ರಜೆ. ಅಂದು ಶಟರ್ ಅರ್ಧ ಎತ್ತಿ, ಟಿವಿ ಆರಿಸಿ, ಮಷಿನ್ ಬಿಟ್ಟು ಬರೀ ಕತ್ತರಿ.

ಮೊದಲ ಮಂಗಳವಾರ ಏಳು ವರ್ಷದ ಹುಡುಗ ಕುರ್ಚಿ ಹತ್ತಲೇ ಇಲ್ಲ. ಕನ್ನಡಿಗೆ ಬೆನ್ನು ಹಾಕಿ ನೆಲದ ಮೇಲೆ ಕುಳಿತ. ಅಂಗಡಿಯವರೂ ಮಂಡಿಯೂರಿ ಅವನ ಹಿಂದೆ ಕುಳಿತರು. ಎಡಗಡೆ ಮುಗಿಯುವಷ್ಟರಲ್ಲಿ ಹುಡುಗ ಎದ್ದು ಬಾಗಿಲ ಬಳಿ ನಿಂತ. ತಾಯಿ ಸೆರಗಿನಿಂದ ಅವನ ಕತ್ತಿನ ಕೂದಲು ಕೊಡವಿ, "ಬಲಗಡೆಯದು ಬರುವ ಮಂಗಳವಾರ, ಅಣ್ಣಾ" ಎಂದು ಹೇಳಿ, ಅರ್ಧ ಕ್ಷೌರದ ಮಗನ ಕೈ ಹಿಡಿದು ಚಿಗರಿ ಬಸ್ ನಿಲ್ದಾಣದ ಕಡೆ ಹೊರಟರು.