ಭಾರ ಬಿದ್ದಾಗ ಕುಸಿದ ಎಸ್‌ಎಂಪಿಎಸ್

ನಮ್ಮ ಮನೆಯ ಕಂಪ್ಯೂಟರ್ ಎರಡು ತಿಂಗಳಿಂದ ಒಂದೇ ರೀತಿಯಲ್ಲಿ ಕೈಕೊಡುತ್ತಿತ್ತು. ಪತ್ರ ಬರೆಯಲು, ಲೆಕ್ಕ ಇಡಲು ಬಳಸಿದರೆ ದಿನವಿಡೀ ಸುಮ್ಮನೆ ನಡೆಯುತ್ತಿದ್ದ ಯಂತ್ರ, ಅಮ್ಮ ಹಾಡಿದ ಸೋಬಾನೆ ಪದಗಳ ಹಳೆಯ ವಿಡಿಯೊಗಳನ್ನು ಸಂಕಲಿಸಲು ಕುಳಿತರೆ ಹತ್ತು ನಿಮಿಷದೊಳಗೆ ಯಾವ ಮುನ್ಸೂಚನೆಯೂ ಇಲ್ಲದೆ ಆರಿಹೋಗುತ್ತಿತ್ತು. ವಿಂಡೋಸ್ ಹೊಸದಾಗಿ ಹಾಕಿದೆ, ರ‍್ಯಾಮ್ ಬಿಚ್ಚಿ ಒರೆಸಿ ಕೂರಿಸಿದೆ, ಪ್ರೊಸೆಸರ್ ಕಾಯುತ್ತಿದೆಯೇ ಎಂದು ನೋಡಿದೆ. ಉಷ್ಣಾಂಶ 68 ಡಿಗ್ರಿ ದಾಟಿರಲಿಲ್ಲ. ಬಡಾವಣೆಯ ರಿಪೇರಿ ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ ಎಂದು ಹೇಳಿದರು. ಅಳತೆಯನ್ನೇ ಮಾಡದೆ ಕೊಟ್ಟ ಆ ತೀರ್ಮಾನ ನನಗೆ ಒಪ್ಪಿಗೆಯಾಗಲಿಲ್ಲ.

ಗೋಡೆಯಿಂದ ಬರುವ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳ ಡಿಸಿಯಾಗಿ ಪರಿವರ್ತಿಸುವುದು ಎಸ್‌ಎಂಪಿಎಸ್ ಎಂಬ ಪೆಟ್ಟಿಗೆ; ನನ್ನ ಅನುಮಾನ ಅದರ ಮೇಲಿತ್ತು. ಈಗಿನ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್‌ಗಳ ಬಹುಪಾಲು ಹೊರೆ ಬೀಳುವುದು 12 ವೋಲ್ಟ್ ತಂತಿಯ ಮೇಲೆ, ಅದು 11.4ರಿಂದ 12.6ರ ನಡುವೆ ಇರಬೇಕು. ಎಲ್ಲರೂ ಹೇಳುವಂತೆ ಮದರ್‌ಬೋರ್ಡಿನಿಂದ 24 ಪಿನ್ನಿನ ಪ್ಲಗ್ ಕಳಚಿ, ಎಸ್‌ಎಂಪಿಎಸ್ ಒಂದನ್ನೇ ಚಾಲೂ ಮಾಡಲು ಆ ಪ್ಲಗ್ಗಿನ ಹಸಿರು ತಂತಿಗೂ ಕಪ್ಪು ತಂತಿಗೂ ಪೇಪರ್ ಕ್ಲಿಪ್ ಜೋಡಿಸಿದೆ. ಫ್ಯಾನ್ ತಿರುಗಿತು, ಮಲ್ಟಿಮೀಟರ್ 12.1 ತೋರಿಸಿತು. ಆದರೆ ಹೊರೆಯೇ ಇಲ್ಲದ ಎತ್ತಿನ ಬಲವನ್ನು ಅಳೆಯುವುದು ಹೇಗೆ? ಎಲ್ಲವನ್ನೂ ಮರಳಿ ಜೋಡಿಸಿ, ಬಳಕೆಯಲ್ಲಿಲ್ಲದ ಒಂದು ನಾಲ್ಕು ಪಿನ್ನಿನ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಗಳಿಗೆ ಮೀಟರಿನ ಕಡ್ಡಿಗಳನ್ನು ಎಚ್ಚರದಿಂದ ಹಿಡಿದು ವಿಡಿಯೊ ಕೆಲಸ ಆರಂಭಿಸಿದೆ. ಅಂಕಿ 11.7ಕ್ಕೆ ಇಳಿಯಿತು, ಬಳಿಕ 11.3, ಬಳಿಕ 11.1; ಅಲ್ಲಿಗೆ ಪರದೆ ಕಪ್ಪಾಯಿತು.

ಒಂಬತ್ತು ವರ್ಷ ದುಡಿದಿದ್ದ ಪೆಟ್ಟಿಗೆ ಅದು. ವಿದ್ಯುತ್ತನ್ನು ಹಿಡಿದಿಟ್ಟು ಏರಿಳಿತವಿಲ್ಲದಂತೆ ಕೊಡುವ, ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ದ್ರಾವಣ ಶಾಖಕ್ಕೆ ನಿಧಾನವಾಗಿ ಒಣಗುತ್ತದೆ. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಅವುಗಳ ಆಯುಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ನಮ್ಮ ಬೀದಿಯಲ್ಲಿ ವರ್ಷಗಟ್ಟಲೆ ರಸ್ತೆ ಅಗೆದ ಧೂಳು ಅದರ ಜಾಲರಿಯನ್ನು ಮುಚ್ಚಿತ್ತು. ಹಾಗೆಂದು ಪೆಟ್ಟಿಗೆಯನ್ನು ಬಿಚ್ಚಲು ಯಾರೂ ಹೋಗಬಾರದು: ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು.

ಶನಿವಾರ ಬೆಂಗಳೂರಿನ ಟೌನ್ ಹಾಲ್ ಬಳಿ ಬಸ್ಸಿಳಿದು, ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ನಡೆದೆ. ಅಲ್ಲಿ ನೋಡಬೇಕಾದುದು ಪೆಟ್ಟಿಗೆಯ ಮೇಲಿನ ದೊಡ್ಡಕ್ಷರದ ವ್ಯಾಟ್ ಅಲ್ಲ, ಬದಿಯ ಚೀಟಿಯಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್. ನನಗೆ ಮೊದಲು ತೋರಿಸಿದ ಅಗ್ಗದ ‘450 ವ್ಯಾಟ್’ ಎಸ್‌ಎಂಪಿಎಸ್‌ನಲ್ಲಿ ಅದು ಕೇವಲ 16 ಆಂಪಿಯರ್ ಇತ್ತು. ಗುಣಿಸಿದರೆ 192 ವ್ಯಾಟ್. ಕೊನೆಗೆ ‘80 ಪ್ಲಸ್ ಬ್ರಾಂಜ್’ ಎಂಬ ದಕ್ಷತೆಯ ದರ್ಜೆ ಪಡೆದ, ಆ ಸಾಲಿನಲ್ಲೇ 500 ವ್ಯಾಟಿಗೂ ಹೆಚ್ಚು ಕೊಡುವ 550 ವ್ಯಾಟಿನ ಒಂದನ್ನು ತಂದೆ.

ಜೋಡಣೆಗೆ ಮುಕ್ಕಾಲು ಗಂಟೆ ಹಿಡಿಯಿತು. ಒಂದು ಮಾತನ್ನು ಒತ್ತಿ ಹೇಳಬೇಕು. ಬಿಚ್ಚಬಹುದಾದ ಕೇಬಲ್‌ಗಳಿರುವ ಎಸ್‌ಎಂಪಿಎಸ್ ಆಗಿದ್ದರೆ ಹಳೆಯ ಕೇಬಲ್‌ಗಳನ್ನು ಹಾಗೆಯೇ ಉಳಿಸಿಕೊಳ್ಳುವ ಆಸೆ ಬೇಡ. ತುದಿ ಸರಿಯಾಗಿ ಕೂತರೂ ಒಳಗಿನ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆಯಿರುತ್ತದೆ, ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು. ನನ್ನ ಡಿಸ್ಕಿನಲ್ಲಿದ್ದುದು ಅಮ್ಮನ ದನಿ.

ಅದೇ ವಿಡಿಯೊ, ಅದೇ ಮೀಟರ್: 12.06ರಿಂದ 11.98ಕ್ಕಷ್ಟೇ ಇಳಿದು ಎರಡು ಗಂಟೆ ಅಲ್ಲಾಡದೆ ನಿಂತಿತು. ಹಳೆಯದನ್ನು ಯಾರೂ ಒರೆಸಿ ಮತ್ತೆ ಮಾರದಿರಲೆಂದು ಅದರ ಮೇಲೆ ‘ಕೆಟ್ಟಿದೆ’ ಎಂದು ಮಾರ್ಕರಿನಲ್ಲಿ ಬರೆದು, ತಂತಿಗಳನ್ನು ಕತ್ತರಿಸಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಟ್ಟೆ.