ನಿಮ್ಮ ಆತ್ಮಿಕ ವರ ಯಾವುದು ಅಂತ ಕೇಳುವವರಿಗೆ

"ಅಕ್ಕ, ಲೆಕ್ಕ ಬರೆಯೋದು ನಿಮ್ಮ ಟ್ಯಾಲೆಂಟ್, ಸರಿ. ಆದರೆ ನಿಮ್ಮ ಆತ್ಮಿಕ ವರ ಯಾವುದು?"

ಪ್ರಾರ್ಥನಾ ಕೂಟದಲ್ಲಿ ಕೇಳಿದ್ದಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ, ಒಬ್ಬರು ಸಾವಿನ ಮನೆಯಲ್ಲೂ ಕೇಳಿದರು. ಇನ್ನು ಬಾಯಲ್ಲಿ ಹೇಳಲು ನನ್ನಿಂದಾಗದು. ಆತ್ಮಿಕ ವರ ಅಂದರೆ ಪವಿತ್ರಾತ್ಮನು ವಿಶ್ವಾಸಿಗೆ ಕೊಡುವ ಸಾಮರ್ಥ್ಯ. ನಾನು ಬ್ಯಾಂಕಿನಿಂದ ನಿವೃತ್ತಳಾದವಳು, ಈಗ ನಮ್ಮ ಕ್ರೈಸ್ತ ಸಭೆಯ ಖಜಾಂಚಿ. ನನ್ನ ವರ ಲೆಕ್ಕ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು.

ನನಗೆ ಸಿಟ್ಟು ಬರಿಸುವುದು ನಡುವಿನ ಆ "ಆದರೆ". ಇವರದ್ದೊಂದು ಏಣಿ ಇದೆ. ಅನ್ಯಭಾಷೆ (ಆತ್ಮಪ್ರೇರಣೆಯಿಂದ ತಾನು ಕಲಿಯದ ಭಾಷೆಯಲ್ಲಿ ಮಾತಾಡುವುದು), ಪ್ರವಾದನೆ (ದೇವರ ಸಂದೇಶ ನುಡಿಯುವುದು), ರೋಗ ಗುಣಪಡಿಸುವುದು ಮೇಲಿನ ಮೆಟ್ಟಿಲುಗಳು. ಹಾಡುವವರು ನಡುವೆ. ವೋಚರ್ ಅಂಟಿಸುವವಳು ಏಣಿ ಹಿಡಿದುಕೊಂಡು ಕೆಳಗೆ ನಿಂತಿರಬೇಕು.

ಒಮ್ಮೆ ಕುಟುಂಬ ಶಿಬಿರದಲ್ಲಿ ವರ ಪತ್ತೆಹಚ್ಚುವ ಪ್ರಶ್ನಾವಳಿ ಹಂಚಿದರು. ಪ್ರತಿ ವಾಕ್ಯಕ್ಕೂ ಒಂದರಿಂದ ಐದರವರೆಗೆ ಅಂಕ. "ಕಷ್ಟದಲ್ಲಿರುವವರನ್ನು ಕಂಡರೆ ನನ್ನ ಮನಸ್ಸು ಕರಗುತ್ತದೆ" ಎಂಬುದಕ್ಕೆ ಮೂರು ಹಾಕಿದೆ. ಯಾರ ಕಷ್ಟ ಅಂತ ನೋಡಬೇಕಲ್ಲ. ಕೊನೆಗೆ ಅಂಕ ಕೂಡಿಸಲು ಬಾರದೆ ಸುತ್ತಲಿನವರು ಹಾಳೆಗಳನ್ನು ನನ್ನ ಕೈಗೇ ತಳ್ಳಿದರು. ಅರ್ಧ ಶಿಬಿರಕ್ಕೆ ಅವರವರ ವರ ಕೂಡಿ ಹೇಳಿದವಳು ನಾನೇ. ನನ್ನ ಸರದಿ ಬಂದಾಗ "ಲೆಕ್ಕಪತ್ರ" ಅಂದೆ. ಬೋಧಕರು ನಕ್ಕು, "ಅದು ಹುಟ್ಟಿನಿಂದ ಬಂದ ಸಾಮರ್ಥ್ಯ ಸಹೋದರಿ, ಅವಿಶ್ವಾಸಿಗಳಿಗೂ ಇರುತ್ತೆ. ವರಕ್ಕಾಗಿ ಪ್ರಾರ್ಥಿಸೋಣ" ಎಂದು ತಲೆಯ ಮೇಲೆ ಕೈಯಿಟ್ಟರು. ಅದೇ ಸಂಜೆ ಅಡುಗೆಯವನ ಬಿಲ್ಲಿನಲ್ಲಿ ಎಂಬತ್ತು ಊಟ ಹೆಚ್ಚು ಬರೆದದ್ದನ್ನು ಹಿಡಿದೆ. ಅದು ಯಾವ ಶಕ್ತಿಯಿಂದಲೋ, ಬೋಧಕರನ್ನೇ ಕೇಳಬೇಕು.

ಅವಿಶ್ವಾಸಿಗಳಿಗೂ ಲೆಕ್ಕ ಬರುತ್ತದೆ, ಒಪ್ಪಿದೆ. ಬ್ಯಾಂಕಿನಲ್ಲಿ ಸಂಬಳಕ್ಕೆ ಕೂಡಿದ ಕೈಯೇ ಇಲ್ಲಿಯೂ ಕೂಡುತ್ತಿರುವುದು. ಆದರೆ ವರ ಕೊಟ್ಟದ್ದು ಎಲ್ಲರ ಪ್ರಯೋಜನಕ್ಕೆ ಅನ್ನುತ್ತಾನೆ ಬೈಬಲಿನಲ್ಲಿ ಅಪೊಸ್ತಲ ಪೌಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಅದೇ 12ನೇ ಅಧ್ಯಾಯದಲ್ಲಿ ಅದ್ಭುತಗಳ ಪಕ್ಕದಲ್ಲೇ ಸಹಾಯ ಮಾಡುವುದನ್ನೂ ಕಾರ್ಯ ನಿರ್ವಹಿಸುವುದನ್ನೂ ಕೂರಿಸಿದ್ದಾನೆ. ಯೆರೂಸಲೇಮಿನಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ತಪ್ಪುತ್ತಿದೆ ಎಂಬ ಗೊಣಗಾಟ ಎದ್ದಾಗ ಏಳು ಮಂದಿಯನ್ನು ಆರಿಸಿದರಲ್ಲ, ಅವರು ಪವಿತ್ರಾತ್ಮಭರಿತರಾಗಿರಬೇಕು ಎಂದರು ಅಪೊಸ್ತಲರು. ಊಟ ಹಂಚುವ ಕೆಲಸಕ್ಕೆ!

ಇನ್ನು ಬೆಚಲೇಲ. ಮೋಶೆಯ ಕಾಲದಲ್ಲಿ ಇಸ್ರಾಯೇಲ್ಯರು ಆರಾಧನೆಗೆ ಕಟ್ಟಿದ ದೇವದರ್ಶನದ ಗುಡಾರಕ್ಕಾಗಿ ಚಿನ್ನ, ಬೆಳ್ಳಿ, ತಾಮ್ರ, ಮರದ ಕೆಲಸ ಮಾಡಲು ದೇವರು ತನ್ನ ಆತ್ಮವನ್ನು ತುಂಬಿಸಿದ ಕುಶಲಿ. ಅವನ ಹೆಸರನ್ನು ಎಲ್ಲ ಬೋಧಕರೂ ಹೇಳುತ್ತಾರೆ. ಕೆಲಸ ಮುಗಿಯುತ್ತಿದ್ದಂತೆ, ಬೈಬಲಿನ ವಿಮೋಚನಕಾಂಡ 38ರಲ್ಲಿ, ಬರುವ ಲೆಕ್ಕವನ್ನು ಮಾತ್ರ ಹಾರಿಸುತ್ತಾರೆ. ಮೋಶೆಯ ಅಪ್ಪಣೆಯಂತೆ, ಆರೋನನ ಮಗ ಈತಾಮಾರನ ಮೇಲ್ವಿಚಾರಣೆಯಲ್ಲಿ ಆದ ಲೆಕ್ಕ ಅದು. ತಲಾಂತು, ಶೆಕೆಲ್ ಆಗಿನ ತೂಕದ ಅಳತೆಗಳು. ಚಿನ್ನ 29 ತಲಾಂತು 730 ಶೆಕೆಲ್. ಬೆಳ್ಳಿ 100 ತಲಾಂತು 1,775 ಶೆಕೆಲ್. ಬೆಳ್ಳಿ ಕೊಟ್ಟವರು 6,03,550 ಗಂಡಸರು, ತಲೆಗೆ ಅರ್ಧ ಶೆಕೆಲ್.

ಪೆನ್ಸಿಲ್ ಹಿಡಿದು ಕೂತೆ. ಅರ್ಧ ಮಾಡಿದರೆ 3,01,775 ಶೆಕೆಲ್. ಒಂದು ತಲಾಂತಿಗೆ 3,000 ಶೆಕೆಲಿನಂತೆ 100 ತಲಾಂತು ಕಳೆದರೆ ಉಳಿಯುವುದು ಸರಿಯಾಗಿ 1,775. ತಾಳೆ! ಖರ್ಚೂ ಬರೆದಿದೆ: 100 ತಲಾಂತು 100 ಪೀಠಗಳಿಗೆ, ಉಳಿದ 1,775 ಶೆಕೆಲ್ ಕಂಬಗಳ ಕೊಂಡಿ, ಕಟ್ಟುಗಳಿಗೆ. ಚಿಲ್ಲರೆ ಬೆಳ್ಳಿ ಎಲ್ಲಿಗೆ ಹೋಯಿತು ಎಂಬುದಕ್ಕೂ ಸತ್ಯವೇದ ಬೈಬಲಿನಲ್ಲಿ ಜಾಗ ಇದೆ. ಬೇರೆಯವರು ಕೀರ್ತನೆ ಓದಿ ಅಳುತ್ತಾರೆ, ನನಗೆ ಇಲ್ಲಿ ಕಣ್ಣು ತುಂಬಿತು.

"ಹಣದ ಚೀಲ ಯೂದನ ಕೈಲಿತ್ತಲ್ಲ ಆಂಟಿ" ಅಂತ ತಮಾಷೆ ಮಾಡುವ ಹುಡುಗರಿಗೆ: ಹೌದಪ್ಪ, ಯೇಸುವನ್ನು ಹಿಡಿದುಕೊಟ್ಟ ಆ ಶಿಷ್ಯನೇ, ಅದರಿಂದ ಕದಿಯುತ್ತಿದ್ದ ಅಂತಲೂ ಯೋಹಾನ ಬರೆದಿದ್ದಾನೆ. ಅದಕ್ಕೇ ಇರಬೇಕು, ಯೆರೂಸಲೇಮಿನ ಬಡವರ ಹಣ ಒಯ್ಯುವಾಗ ಯಾರೂ ತಪ್ಪು ಹೊರಿಸಬಾರದೆಂದು ಪೌಲ ಸಭೆಗಳೇ ಆರಿಸಿದ ಜೊತೆಗಾರನನ್ನು ಇಟ್ಟುಕೊಂಡದ್ದು.

ನನ್ನನ್ನು ಕೇಳಬೇಕಾದ್ದು ಅದು. ನಮ್ಮ ಕಾಣಿಕೆ ಎಲ್ಲಿಗೆ ಹೋಯಿತು ಅಕ್ಕ? ವಾರ್ಷಿಕ ಸಭೆಯಲ್ಲಿ ನಾನು ಜಮಾ-ಖರ್ಚು ಓದುವ ಹೊತ್ತಿಗೆ ಹಿಂದಿನಿಂದ ಬಿರಿಯಾನಿಯ ಘಮ ಬಂದಿರುತ್ತದೆ. ಒಬ್ಬರು ಸೂಚಿಸುತ್ತಾರೆ, ಒಬ್ಬರು ಅನುಮೋದಿಸುತ್ತಾರೆ, ಪಾಸ್. ನನ್ನ ವರಕ್ಕಾಗಿ ಪ್ರಾರ್ಥಿಸಿದವರು ಆಗಲೇ ತಟ್ಟೆ ಹಿಡಿದಿರುತ್ತಾರೆ.

ಏನು ಕೇಳಬೇಕೆಂದು ತೋಚದಿದ್ದರೆ ಇದನ್ನು ಕೇಳಿ: ಸುಗ್ಗಿ ಹಬ್ಬದ ಏಲಂನಲ್ಲಿ ಒಂದೇ ಕುಂಬಳಕಾಯಿಯನ್ನು ಕೊಂಡವರು ಮತ್ತೆ ಸಭೆಗೇ ಕೊಟ್ಟು ಕೊಟ್ಟು ಮೂರು ಸಲ ಕೂಗಿದರೆ ರಸೀದಿ ಎಷ್ಟು? ಮೂರು. ಎರಡನೆಯವರು ಇನ್ನೂ ದುಡ್ಡು ಕಟ್ಟಿಲ್ಲ.